ಬಿಲ್ಡ್ ಮಾಡಿದರೆ ಪಿಒ ಫೈಲ್ ಬದಲಾಗಬಾರದು

ಪ್ರೋಗ್ರಾಂನ ಸಂದೇಶಗಳನ್ನು ಬೇರೆ ಭಾಷೆಗಳಲ್ಲಿ ತೋರಿಸಲು ಗೆಟ್‌ಟೆಕ್ಸ್ಟ್ ಬಳಸುವ ಪ್ರಾಜೆಕ್ಟ್‌ನಲ್ಲಿ ಅನುವಾದದ ಫೈಲ್‌ಗಳು ಮೂರು ಬಗೆ. ಸೋರ್ಸ್ ಕೋಡ್‌ನಿಂದ ಎಕ್ಸ್‌ಗೆಟ್‌ಟೆಕ್ಸ್ಟ್ ಹೆಕ್ಕುವ ಸಂದೇಶಗಳ ಖಾಲಿ ಪಟ್ಟಿ ಪಿಒಟಿ, ಅನುವಾದಕರು ತುಂಬುವ ಪಿಒ, ಅದರಿಂದ ಎಂಎಸ್‌ಜಿಎಫ್‌ಎಂಟಿ ತಯಾರಿಸುವ, ಪ್ರೋಗ್ರಾಂ ಓದುವ ಬೈನರಿ ಎಂಒ. ಮೊದಲನೆಯದನ್ನೂ ಕೊನೆಯದನ್ನೂ ಅಳಿಸಿದರೆ ಮತ್ತೆ ತಯಾರಿಸಬಹುದು. ನಡುವಿನದು ಜನರ ದುಡಿಮೆ. ಆದರೆ ಹೊಸ ಪಿಒಟಿಯನ್ನು ಹಳೆಯ ಪಿಒಗೆ ಬೆರೆಸುವ ಎಂಎಸ್‌ಜಿಮರ್ಜ್ ಅದಕ್ಕೂ ಕೈ ಹಾಕುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ.

ಆಟೋಟೂಲ್ಸ್ ಎಂಬ ಬಿಲ್ಡ್ ವ್ಯವಸ್ಥೆ ಬಳಸುವ ಪ್ರಾಜೆಕ್ಟ್ ಒಂದನ್ನು ತೆಗೆದುಕೊಳ್ಳಿ. ಪಿಒಟಿಯನ್ನು ಗಿಟ್‌ಗೆ (ಕೋಡ್‌ನ ಆವೃತ್ತಿಗಳನ್ನು ಕಾಯುವ ವ್ಯವಸ್ಥೆ) ಸೇರಿಸಿಲ್ಲ. ಹೊಸದಾಗಿ ಕ್ಲೋನ್ ಮಾಡಿ ಮೇಕ್ ಓಡಿಸಿದರೆ ಪಿಒಟಿ ಆಗಷ್ಟೇ ಹುಟ್ಟುತ್ತದೆ, ಅದರ ಸಮಯ ಎಲ್ಲ ಪಿಒಗಳಿಗಿಂತ ಹೊಸದು. ಪಿಒ ಪಿಒಟಿಯನ್ನು ಅವಲಂಬಿಸಿದೆ ಎಂಬ ನಿಯಮ ಇರುವುದರಿಂದ, ಹಳತಾಗಿ ಕಾಣುವ ಫೈಲನ್ನು ಮತ್ತೆ ತಯಾರಿಸುವ ಮೇಕ್ ಅಷ್ಟೂ ಭಾಷೆಗಳ ಮೇಲೆ ಎಂಎಸ್‌ಜಿಮರ್ಜ್ ಓಡಿಸಿಬಿಡುತ್ತದೆ. ಒಂದು ಪದವೂ ಹೊಸದಾಗಿ ಅನುವಾದವಾಗದೆ, 30 ಭಾಷೆಗಳಿದ್ದರೆ 30 ಫೈಲ್‌ಗಳಲ್ಲೂ ತಾರೀಕು, ಸಾಲಿನ ಸಂಖ್ಯೆ ಬದಲಾಗಿರುತ್ತವೆ. ಅದನ್ನು ಯಾರಾದರೂ ಕಮಿಟ್ ಮಾಡಿದರೆ ಅನುವಾದಕರ ಕೆಲಸ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಬರುತ್ತದೆ. ಸೋರ್ಸ್ ಡೈರೆಕ್ಟರಿ ಓದಲು ಮಾತ್ರ ಸಿಗುವ ಕಡೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಪಿಒಟಿಯನ್ನು ಕಮಿಟ್ ಮಾಡಿದರೂ ಇದು ಪೂರ್ತಿ ತಪ್ಪುವುದಿಲ್ಲ. ಗಿಟ್ ಫೈಲ್‌ಗಳ ಸಮಯ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಯಾವುದು ಹೊಸದೆಂದು ಕಾಣುತ್ತದೋ ಹೇಳಲಾಗದು.

ಇದಕ್ಕೆ ಅನುವಾದದ ಸೆಟ್ಟಿಂಗ್‌ಗಳಿರುವ ಮೇಕ್‌ವಾರ್ಸ್ ಫೈಲ್‌ನಲ್ಲೇ ಉಪಾಯವಿದೆ: ಪಿಒ_ಡಿಪೆಂಡ್ಸ್_ಆನ್_ಪಿಒಟಿ, ಡಿಸ್ಟ್_ಡಿಪೆಂಡ್ಸ್_ಆನ್_ಅಪ್‌ಡೇಟ್_ಪಿಒ, ಎರಡಕ್ಕೂ 'ನೋ' ಎಂದು ಕೊಡಿ. ಎರಡನೆಯದನ್ನು ಮರೆತರೆ, ಬಿಡುಗಡೆಯ ಕಟ್ಟು (ಟಾರ್‌ಬಾಲ್) ತಯಾರಿಸಲು ಮೇಕ್ ಡಿಸ್ಟ್ ಮಾಡಿದ ದಿನ ಅದೇ ತಾಪತ್ರಯ. ಆಮೇಲೆ ಅಪ್‌ಡೇಟ್-ಪಿಒ ಎಂಬ ಗುರಿಯನ್ನು (ಮೇಕ್‌ನ ಟಾರ್ಗೆಟ್) ಬೇಕೆಂದಾಗ ಮಾತ್ರ ಓಡಿಸಿ, ಬೇರೆಯೇ ಕಮಿಟ್ ಮಾಡಿ. ಮೆಸಾನ್ ಎಂಬ ಬಿಲ್ಡ್ ವ್ಯವಸ್ಥೆಯಲ್ಲಿ ಈ ವಿಂಗಡಣೆ ಮೊದಲಿನಿಂದಲೇ ಇದೆ: ಪಿಒಟಿಗೊಂದು, ಪಿಒ ನವೀಕರಣಕ್ಕೊಂದು ಪ್ರತ್ಯೇಕ ಗುರಿ, ಕೇಳದೆ ಎರಡೂ ಓಡುವುದಿಲ್ಲ. ಸಾಲಿನ ಸಂಖ್ಯೆಯ ಗದ್ದಲ ಬೇಡವಾದರೆ ಎಕ್ಸ್‌ಗೆಟ್‌ಟೆಕ್ಸ್ಟ್, ಎಂಎಸ್‌ಜಿಮರ್ಜ್‌ಗಳ ಆ್ಯಡ್-ಲೊಕೇಶನ್ ಆಯ್ಕೆಗೆ 'ಫೈಲ್' ಎಂದು ಕೊಡಿ, ಫೈಲ್ ಹೆಸರಷ್ಟೇ ಉಳಿಯುತ್ತದೆ.

ಎಂಒ ಯಾವಾಗಲೂ ಬಿಲ್ಡ್ ಡೈರೆಕ್ಟರಿಯಲ್ಲೇ ಹುಟ್ಟಲಿ, ಗಿಟ್‌ಗೆ ಬೇಡ. ಬಳಕೆದಾರರ ಬಳಿ ಗೆಟ್‌ಟೆಕ್ಸ್ಟ್ ಇಲ್ಲದಿರಬಹುದು ಎಂಬ ಕಾರಣಕ್ಕೆ ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಸೇರಿಸುವುದು ಬೇರೆ ಮಾತು.

ಎಂಎಸ್‌ಜಿಎಫ್‌ಎಂಟಿಗೆ ಚೆಕ್ ಆಯ್ಕೆ ಕೊಡದೆ ಓಡಿಸಲೇಬೇಡಿ. ಕನ್ನಡಕ್ಕಂತೂ ಇದು ತೀರಾ ಮುಖ್ಯ. 'ಇಷ್ಟು ಫೈಲ್‌ಗಳು ಇಂಥ ಫೋಲ್ಡರ್‌ನಲ್ಲಿ' ಎಂಬ ಕ್ರಮದ ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಸಂಖ್ಯೆಯ ಜಾಗಕ್ಕೆ ಪರ್ಸೆಂಟ್-ಡಿ, ಆಮೇಲೆ ಹೆಸರಿನ ಜಾಗಕ್ಕೆ ಪರ್ಸೆಂಟ್-ಎಸ್ ಗುರುತು ಇರುತ್ತದೆ. ಕನ್ನಡದಲ್ಲಿ ಸಹಜವಾಗಿ ಫೋಲ್ಡರ್ ಮುಂದೆ ಬರುತ್ತದೆ, ಗುರುತುಗಳೂ ಅದಲುಬದಲಾಗುತ್ತವೆ. ಆಗ ಆ ಜಾಗಗಳನ್ನು ತುಂಬುವ ಪ್ರಿಂಟ್‌ಎಫ್ ಸಂಖ್ಯೆಯನ್ನೇ ಸ್ಟ್ರಿಂಗ್‌ನ ವಿಳಾಸ ಎಂದುಕೊಂಡು ಓದಲು ಹೋಗಿ ಪ್ರೋಗ್ರಾಂ ಕುಸಿಯಬಹುದು, ಅದೂ ಕನ್ನಡ ಆಯ್ದುಕೊಂಡವರಿಗೆ ಮಾತ್ರ. ಚೆಕ್ ಇದ್ದರೆ ಬಿಲ್ಡ್‌ನಲ್ಲೇ ಸಿಕ್ಕಿಬೀಳುತ್ತದೆ. ಪರ್ಸೆಂಟ್ ಚಿಹ್ನೆಯ ನಂತರ 2 ಮತ್ತು ಡಾಲರ್ ಚಿಹ್ನೆ ಹಾಕಿ ಎಸ್ ಬರೆದರೆ 'ಎರಡನೆಯ ಆರ್ಗ್ಯುಮೆಂಟ್' ಎಂದಾಗುತ್ತದೆ. ಡಿ ಗುರುತಿಗೆ ಹಾಗೆಯೇ 1. ವಾಕ್ಯವೂ ಸರಾಗ, ಪ್ರೋಗ್ರಾಂ ಕೂಡ ಕ್ಷೇಮ.

ಪಿಒ ಫೈಲ್‌ನ ಹೆಡರ್‌ನಲ್ಲಿರುವ ಬಹುವಚನದ ಸೂತ್ರವನ್ನೂ ಒಮ್ಮೆ ನೋಡಿ. ಭಾಷೆಗಳ ಮಾಹಿತಿ ಭಂಡಾರವಾದ ಸಿಎಲ್‌ಡಿಆರ್ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಒಂದೇ ಗುಂಪು, ಅಂದರೆ ಎನ್ (ಎಣಿಕೆ) 1ಕ್ಕಿಂತ ಹೆಚ್ಚಾದಾಗ ಮಾತ್ರ ಬಹುವಚನ. ಇಂಗ್ಲಿಷಿನ ಹೆಡರ್ ನಕಲು ಮಾಡಿದರೆ 0 ಬಹುವಚನದ ಕಡೆ ಹೋಗುತ್ತದೆ.

ಫಜ್ಜಿ (ಖಚಿತವಲ್ಲದ, ಊಹೆಯ ಅನುವಾದ) ಎಂದು ಗುರುತಾದ ಸಾಲುಗಳನ್ನು ಎಂಎಸ್‌ಜಿಎಫ್‌ಎಂಟಿ ತಾನಾಗಿಯೇ ಬಿಟ್ಟುಬಿಡುತ್ತದೆ. ಅನುವಾದದ ಶೇಕಡಾವಾರು ಚೆನ್ನಾಗಿ ಕಾಣಲಿ ಎಂದು ಯೂಸ್-ಫಜ್ಜಿ ಹಾಕಬೇಡಿ. ಎಂಎಸ್‌ಜಿಮರ್ಜ್ ಅಕ್ಷರಗಳ ಹೋಲಿಕೆ ನೋಡಿ ಊಹಿಸುತ್ತದೆಯೇ ಹೊರತು ಅರ್ಥ ನೋಡಿ ಅಲ್ಲ. 'ರಿಮೂವ್ ಫೈಲ್'ನ ಅನುವಾದ 'ರೀನೇಮ್ ಫೈಲ್' ಬಟನ್ ಮೇಲೆ ಬಂದು ಕೂತರೆ ಬಳಕೆದಾರರ ಗತಿಯೇನು?

ಸಿಐನಲ್ಲಿ (ಬದಲಾವಣೆಯಾದಾಗಲೆಲ್ಲ ತಾನಾಗಿಯೇ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಎರಡು ಪರೀಕ್ಷೆ ಸಾಕು. ಬಿಲ್ಡ್ ಆದ ಮೇಲೆ ಗಿಟ್ ಡಿಫ್‌ಗೆ ಎಕ್ಸಿಟ್-ಕೋಡ್ ಆಯ್ಕೆ ಕೊಟ್ಟು ಓಡಿಸಿ, ಪಿಒ ಬದಲಾಗಿದ್ದರೆ ಫೇಲ್ ಆಗಲಿ. ಎರಡನೆಯದು, ಪ್ರೋಗ್ರಾಂ ಅನ್ನು ಕನ್ನಡದಲ್ಲೇ ಒಮ್ಮೆ ಓಡಿಸುವುದು. ಲ್ಯಾಂಗ್ವೇಜ್ ವೇರಿಯಬಲ್‌ಗೆ ಕೆಎನ್ ಎಂದು ಕೊಟ್ಟರೂ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಯಾವ ಭಾಷೆಯನ್ನೂ ಆಯ್ದುಕೊಳ್ಳದ 'ಸಿ' ಆಗಿದ್ದರೆ ಗೆಟ್‌ಟೆಕ್ಸ್ಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕಂಟೇನರ್‌ನಲ್ಲಿ ಮೊದಲು ಕೆಎನ್_ಐಎನ್ ಲೊಕೇಲ್ ತಯಾರಿಸಿ, ಲ್ಯಾಂಗ್ ವೇರಿಯಬಲ್‌ಗೆ ಅದನ್ನೇ ಕೊಡಿ.