ಮೈನಸ್ 40ರ ರಾತ್ರಿ, ನಾನೇ ಹಾಕಿದ್ದ ಜಾಲರಿ

ಕೆನಡಾದ ಎಡ್ಮಂಟನ್‌ನಲ್ಲಿ ಬಾಡಿಗೆ ಮನೆಗಳ ಮೇಂಟೆನೆನ್ಸ್ ಕೆಲಸ ನಂದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯೋವರೆಗೂ ವಿಂಟರ್ ರೌಂಡು, ಮನೆ ಬೆಚ್ಚಗಿಡೋ ಫರ್ನೇಸಿನ ಫಿಲ್ಟರ್ ಬದಲಾಯಿಸು, ಹೊರಗಿನ ನಲ್ಲಿಯಿಂದ ಹೋಸ್ ಬಿಚ್ಚಿಸು, ಒಳಗಿನ ವಾಲ್ವ್ ಮುಚ್ಚಿ ಪೈಪಲ್ಲಿ ಉಳಿದ ನೀರು ಖಾಲಿ ಮಾಡು, ಗಟರ್ ಕ್ಲೀನ್ ಮಾಡು, ಬಾಗಿಲ ಸಂದಿಗೆ ವೆದರ್‌ಸ್ಟ್ರಿಪ್ ಹಚ್ಚು. ಊರಲ್ಲಿ, ತೀರ್ಥಹಳ್ಳಿ ಕಡೆ, ಮೃಗಶಿರ ಮಳೆ ಹಿಡಿಯೋ ಮೊದಲು ಅಪ್ಪ ಗೋಡೆಗೆ ಸೋಗೆ ಕಟ್ಟಿಸಿ, ಹಂಚು ಕೈಯಾಡಿಸಿ, ಸೌದೆ ಒಳಗೆ ಹಾಕಿಸ್ತಿದ್ರು. ಅದನ್ನ ನೋಡ್ಕೊಂಡು ಬೆಳೆದವನು, ಹಾಗಾಗಿ ಈ ಕೆಲಸ ನಂಗೆ ನಿಜವಾಗ್ಲೂ ಇಷ್ಟ.

2023ರ ಬೇಸಿಗೆಯಲ್ಲಿ ಒಂದು ಮನೆ ಫರ್ನೇಸಿನ ಇಂಟೇಕ್ ಪೈಪಲ್ಲಿ (ಉರಿಯೋಕೆ ಹೊರಗಿಂದ ಗಾಳಿ ಎಳೆಯೋ ಪೈಪ್) ಗುಬ್ಬಚ್ಚಿ ಗೂಡು ಕಟ್ಟಿ ದೊಡ್ಡ ಬಿಲ್ ಬಂದಿತ್ತು. ಅದಕ್ಕೆ ಅಕ್ಟೋಬರ್ ರೌಂಡಲ್ಲಿ ನಾನೇ ತಲೆ ಓಡಿಸಿ ಹನ್ನೆರಡು ಮನೆಗಳ ಇಂಟೇಕ್ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕೂರಿಸಿದೆ. ಯಾರೂ ಹೇಳಿರಲಿಲ್ಲ. ಟ್ಯಾಬ್ಲೆಟ್ ಆಪಲ್ಲಿ 'ವೆಂಟ್ ಕ್ಲಿಯರ್', ಅಂದ್ರೆ ಗಾಳಿ ಪೈಪಿಗೆ ಏನೂ ಅಡ್ಡ ಇಲ್ಲ, ಅಂತ ಟಿಕ್ ಹೊಡೆದು ಮುಂದಕ್ಕೆ ಹೋದೆ.

2024ರ ಜನವರಿ 13, ಶನಿವಾರ, ಸಂಕ್ರಾಂತಿಗೆ ಇನ್ನೆರಡೇ ದಿನ. ಹೊರಗೆ ಮೈನಸ್ 40, ನಾನು ಆನ್ ಕಾಲ್. ಸಂಜೆ ಆರರ ಹೊತ್ತಿಗೆ ಫೋನ್ ಬಂತು, ಗಂಡ ಹೆಂಡ್ತಿ ಏಳು ತಿಂಗಳ ಮಗು ಇರೋ ಮನೆ, ಒಳಗೆ 17 ಡಿಗ್ರಿ, ಹೀಟ್ ಬರ್ತಿಲ್ಲ. ನಾನು ಕೂತಲ್ಲಿಂದಲೇ ಥರ್ಮೋಸ್ಟ್ಯಾಟ್ ಬ್ಯಾಟರಿ ಬದಲಾಯಿಸಿ, ಫರ್ನೇಸ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಅಂದೆ. ಶುರುವಾಯ್ತು. ಆಯ್ತಲ್ಲ ಅಂತ ಊಟಕ್ಕೆ ಕೂತೆ. ರೀಸೆಟ್ ಆಗಿ ಹತ್ತು ನಿಮಿಷ ಓಡಿದ್ದನ್ನ ರಿಪೇರಿ ಅಂದ್ಕೊಂಡಿದ್ದು, ಅದೇ ನಂದು ದೊಡ್ಡ ತಪ್ಪು.

ಅಷ್ಟರಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದ್ವು, ನಮ್ಮ ಪ್ರಾಂತ್ಯ ಆಲ್ಬರ್ಟಾದ ಎಮರ್ಜೆನ್ಸಿ ಅಲರ್ಟ್. ಗ್ರಿಡ್ ತಡೀತಿಲ್ಲ, ಕರೆಂಟ್ ಬೇಕಾದಷ್ಟೇ ಬಳಸಿ, ಸ್ಪೇಸ್ ಹೀಟರ್ ಕಡಿಮೆ ಮಾಡಿ ಅಂತ. ಏಳೂವರೆಗೆ ಮತ್ತೆ ಆ ಮನೆಯಿಂದ ಫೋನ್. ಒಳಗೆ 12 ಡಿಗ್ರಿ. ಪಾಪ, ಅಲರ್ಟ್ ನೋಡಿ ಇದ್ದ ಎರಡು ಹೀಟರಲ್ಲಿ ಒಂದನ್ನ ಆಫ್ ಮಾಡಿಬಿಟ್ಟಿದ್ರು.

ಊರು ಸುತ್ತೋ ಹೆಂಡೇ ರಿಂಗ್ ರೋಡಲ್ಲಿ ಟ್ರಕ್ ಎಷ್ಟು ಜೋರಾಗಿ ಓಡಿಸಿದೆನೋ ಗೊತ್ತಿಲ್ಲ. ಹೋದವನು ಸೀದಾ ಬೇಸ್‌ಮೆಂಟಿಗೆ ಇಳಿದೆ. ಬೋರ್ಡಲ್ಲಿ ಲೈಟು ಮೂರು ಬ್ಲಿಂಕ್, ಬಾಗಿಲ ಮೇಲಿನ ಚಾರ್ಟ್ ಪ್ರಕಾರ ಪ್ರೆಶರ್ ಸ್ವಿಚ್, ಅಂದ್ರೆ ಗಾಳಿ ಸರಿಯಾಗಿ ಎಳೀದಿದ್ರೆ ಉರಿ ಹತ್ತೋಕೆ ಬಿಡದ ಸ್ವಿಚ್. ಅದರ ಹೋಸ್ ಬಿಚ್ಚಿ ಊದಿದೆ, ನೀರು ಇಳಿಯೋ ಕಂಡೆನ್ಸೇಟ್ ಟ್ರಾಪ್ ತೆಗೆದು ತೊಳೆದೆ, ಗಾಳಿ ಎಳೆಯೋ ಫ್ಯಾನ್ ಇಂಡ್ಯೂಸರ್ ಕೈಯಲ್ಲಿ ತಿರುಗಿಸಿ ನೋಡಿದೆ, ಎಲ್ಲಾ ಸರಿ ಇದೆ. ಅರ್ಧ ಗಂಟೆ ಹೋಯ್ತು. ಮೇಲೆ ಮಗು ಅಳ್ತಿತ್ತು, ಆಮೇಲೆ ಅಳೋದೂ ನಿಂತಿತು, ಅದು ಇನ್ನೂ ಭಯ ಆಯ್ತು. ಸ್ವಿಚ್ ಬೈಪಾಸ್ ಮಾಡಿ ಉರಿಸಿಬಿಡೋಣ ಅನ್ನಿಸಿ ತಂತಿ ತುಂಡು ಕೈಗೆ ತಗೊಂಡಿದ್ದೆ. ಉರಿಯೋಕೆ ಸರಿಯಾಗಿ ಗಾಳಿ ಇಲ್ಲದೇ ಇರುವಾಗ ಹಾಗೆ ಉರಿಸಿದ್ರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ, ಅದು ಮನೆಯೊಳಗೆ ಬಂದ್ರೆ ಮಲಗಿದವರು ಏಳಲ್ಲ. ಆ ತಂತಿ ಜೇಬಿಗೆ ಹಾಕ್ಕೊಂಡಿದ್ದು ಆ ರಾತ್ರಿ ನಾನು ಮಾಡಿದ ಮೊದಲ ಸರಿ ಕೆಲಸ.

ಹೊರಗೆ ಯಾಕೆ ಹೋಗಿರಲಿಲ್ಲ ಅಂದ್ರೆ, ವೆಂಟ್ ಕ್ಲಿಯರ್ ಇದೆ ಅಂತ ನಂಗೆ 'ಗೊತ್ತಿತ್ತು', ನಾನೇ ಟಿಕ್ ಹೊಡೆದಿದ್ದೆನಲ್ಲ. ಕೊನೆಗೆ ಟಾರ್ಚ್ ಹಿಡಿದು ಮನೆ ಪಕ್ಕಕ್ಕೆ ಹೋದೆ. ಇಂಟೇಕ್ ಬಾಯಿಗೆ ಕೊಬ್ಬರಿ ಗಿಟುಕು ಕವುಚಿ ಹಾಕಿದ ಹಾಗೆ ಬೆಳ್ಳಗೆ ಮಂಜು. ಒಂದಡಿ ಆಚೆಗಿರೋ, ಹೊಗೆ ಹೊರಬಿಡೋ ಎಕ್ಸಾಸ್ಟ್ ಪೈಪಿಂದ ಬರೋ ಹಸಿ ಹಬೆ ಆ ಚಳೀಲಿ ಜಾಲರಿಯ ಕಣ್ಣುಕಣ್ಣಿಗೂ ಕೂತು ಕಟ್ಟಿಬಿಟ್ಟಿತ್ತು. ಬರೀ ಪೈಪ್ ಆಗಿದ್ರೆ ಅಂಚಲ್ಲಿ ಸ್ವಲ್ಪ ಹಿಡೀತಿತ್ತೋ ಏನೋ. ಕಟಿಂಗ್ ಪ್ಲೇಯರಲ್ಲಿ ಜಾಲರಿ ಕಿತ್ತೆ, ಗ್ಲೌಸ್ ತೆಗೆದಿದ್ದಕ್ಕೆ ಎರಡು ಬೆರಳ ತುದಿ ಸ್ಟೀಲಿಗೆ ಅಂಟಿ ಚರ್ಮ ಬಂತು.

ಒಳಗೆ ಬಂದು ಪವರ್ ಹಾಕಿದೆ. ಇಂಡ್ಯೂಸರ್ ಗುಂಯ್ ಅಂತು, ಸ್ವಿಚ್ ಟಿಕ್ ಅಂತು, ಇಗ್ನೈಟರ್ ಕೆಂಪಾಯ್ತು, ಭಗ್ ಅಂತ ಉರಿ ಹತ್ತಿತು. ಈ ಸಲ ಮನೆ ಬೆಚ್ಚಗಾಗೋವರೆಗೂ ಅಲ್ಲೇ ಕೂತೆ, ಪೈಪಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಸಿಂಕ್ ಕೆಳಗಿನ ಬೀರು ಬಾಗಿಲು ತೆಗೆದು, ನಲ್ಲಿ ಸಣ್ಣಗೆ ಬಿಟ್ಟು. ಪೈಪ್ ಒಡೆದಿರಲಿಲ್ಲ.

ಉಳಿದ ಹನ್ನೊಂದು ಮನೆ ಬೆಳಿಗ್ಗೆ ನೋಡಿದ್ರಾಯ್ತು, ಓವರ್‌ಟೈಮ್ ಅಪ್ರೂವಲ್ ಇಲ್ಲ ಅಂದ್ರು ಮ್ಯಾನೇಜರ್. ಆದ್ರೂ ಹೋದೆ. ರಾತ್ರಿ ಮೂರಕ್ಕೆ ಮುಗೀತು, ಮೂರು ಕಡೆ ಜಾಲರಿ ಆಗ್ಲೇ ಅರ್ಧ ಮುಚ್ಚಿತ್ತು. ಆ ಫರ್ನೇಸಿನ ಮ್ಯಾನ್ಯುಯಲಲ್ಲಿ ಸಣ್ಣ ಕಣ್ಣಿನ ಜಾಲರಿ ಹಾಕಬೇಡಿ ಅಂತ ಬರೆದೇ ಇದೆ, ನಾನು ಓದಿದ್ದು ಸೋಮವಾರ. ಆಪಲ್ಲಿ 'ಹೊಸದಾಗಿ ಏನು ಹಾಕಿದಿರಿ' ಅಂತ ಒಂದು ಕಾಲಂ ಸೇರಿಸಿ ಅಂತ ಮೂರು ಮೇಲ್ ಹಾಕಿದೀನಿ, ಇವತ್ತಿಗೂ ಉತ್ತರ ಇಲ್ಲ. ನನ್ನದೇ ನೋಟ್‌ಬುಕ್ಕಲ್ಲಿ ಬರ್ಕೋತೀನಿ. ಹೀಟ್ ಇಲ್ಲ ಅಂತ ಕಾಲ್ ಬಂದ್ರೆ ಮೊದಲು ಹೊರಗೆ ಹೋಗಿ ಎರಡೂ ಪೈಪ್ ನೋಡಿ, ಆಮೇಲೇ ಬೇಸ್‌ಮೆಂಟ್.

ಸಂಕ್ರಾಂತಿ ದಿನ ಎಳ್ಳು ಬೆಲ್ಲ ತಗೊಂಡು ಆ ಮನೆಗೆ ಹೋಗಿ, ಜಾಲರಿ ಹಾಕಿದ್ದು ನಾನೇ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಗುವನ್ನ ಇನ್ನೊಂದು ಹೆಗಲಿಗೆ ಹಾಕ್ಕೊಂಡು, "ಮುಂದಿನ ಸಲ ಫೋನಲ್ಲಿ ಬ್ಯಾಟರಿ ಅನ್ನಬೇಡಿ, ಬಂದುಬಿಡಿ" ಅಂದ್ರು.