ಮೊಣಕೈಯಿಂದ ತೆಗೆದ ಒಂದು ಚೂರು

ಸಂಶೋಧನೆಗೆ ಚರ್ಮದ ಸ್ಯಾಂಪಲ್ ಕೊಡ್ತೀರಾ ಅಂತ ಡಾಕ್ಟರ್ ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಸೋರಿಯಾಸಿಸ್, ಅಂದರೆ ಚರ್ಮ ಕೆಂಪಾಗಿ ಚಕ್ಕೆ ಏಳುವ ಕಾಯಿಲೆ, ಇದೆ ಅಂದರೆ ಸಾಕು, ಅದು ಹಚ್ಚಿ, ಇದು ಬಿಡಿ ಅನ್ನುವವರು ಬೇಕಾದಷ್ಟು ಜನ. ಒಳಗೆ ಏನು ನಡೀತಿದೆ ಅಂತ ಕೂತು ಹೇಳುವವರು ಕಮ್ಮಿ. ನನಗೆ ಬೇಕಾಗಿದ್ದದ್ದು ಅದು.

ಸಂಶೋಧನೆ ಮಾಡುತ್ತಿದ್ದ ಹುಡುಗಿ ಎರಡು ಕಡೆ ಗುರುತು ಹಾಕಿದಳು. ಒಂದು ಮೊಣಕೈಯ ಕೆಂಪು ಮಚ್ಚೆ ಮೇಲೆ, ಇನ್ನೊಂದು ತೋಳಿನ ಚೆನ್ನಾಗಿರುವ ಚರ್ಮದ ಮೇಲೆ. "ಚೆನ್ನಾಗಿರೋದು ಯಾಕಮ್ಮಾ?" ಅಂದೆ. "ಒಬ್ಬರ ಮೈಯಲ್ಲೇ ಎರಡನ್ನೂ ಹೋಲಿಸಿದ್ರೆ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತೆ ಸಾರ್" ಅಂದಳು.

ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಉರಿಯಿತು. ತುದಿಯಲ್ಲಿ ದುಂಡನೆಯ ಬ್ಲೇಡ್ ಇರುವ ಸಣ್ಣ ಉಪಕರಣವನ್ನು ಒತ್ತಿ ತಿರುಗಿಸಿದರು. 4 ಮಿಲಿಮೀಟರ್ ಅಗಲದ ಚೂರು ಕೈಗೆ ಬಂತು. ಅದನ್ನು ಅವಳು ಒಂದು ಕ್ಷಣವೂ ಹೊರಗಿಡದೆ ಟ್ಯೂಬಿಗೆ ಹಾಕಿ ದ್ರವ ಸಾರಜನಕದಲ್ಲಿ ಮುಳುಗಿಸಿದಳು. ಆರ್‌ಎನ್‌ಎ ಅಂದರೆ ಜೀವಕೋಶದೊಳಗೆ ಜೀನ್‌ಗಳಿಂದ ನಕಲಾಗುವ ಅಣು. ಅದು ಬಹಳ ಬೇಗ ಹಾಳಾಗುತ್ತದಂತೆ. ಅದನ್ನು ತುಂಡರಿಸುವ ಕಿಣ್ವ ನಮ್ಮ ಬೆರಳ ಮೇಲೂ ಇರುತ್ತದೆ. ಗ್ಲೌಸ್ ಅವಳ ಕೈ ಬಿಟ್ಟಿರಲಿಲ್ಲ.

ಡಾಕ್ಟರ್ ಹೊಲಿಗೆ ಹಾಕುತ್ತಿದ್ದಾಗ ಅವಳನ್ನು ಕೇಳಿದೆ, ಇದರಲ್ಲಿ ಏನು ಹುಡುಕ್ತೀರಿ ಅಂತ. ಮೈಕ್ರೋಆರ್‌ಎನ್‌ಎ ಅಂದಳು. ಸುಮಾರು 22 ಅಕ್ಷರಗಳಷ್ಟೇ, ಅಂದರೆ 22 ಬಿಡಿ ಘಟಕಗಳಷ್ಟೇ, ಉದ್ದದ ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ಆಗುವುದಿಲ್ಲ. ಪ್ರೋಟೀನ್ ಮಾಡಲು ಹೊರಟ ಬೇರೆ ಆರ್‌ಎನ್‌ಎಗೆ ಅಂಟಿಕೊಂಡು ಆ ಕೆಲಸವನ್ನು ತಗ್ಗಿಸುತ್ತದೆ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಮೊದಲು ಕಂಡದ್ದು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ ಅವರಿಗೆ ಇದಕ್ಕೇ 2024ರ ನೊಬೆಲ್ ಬಂತು.

ನಮ್ಮ ಕಾಯಿಲೆಗೆ ಅದರ ನಂಟು? ಮಿರ್-203 ಅನ್ನೋ ಮೈಕ್ರೋಆರ್‌ಎನ್‌ಎ ಚರ್ಮದ ಹೊರಪದರದ ಜೀವಕೋಶಗಳಲ್ಲಿ ಜಾಸ್ತಿ ಇರುತ್ತದೆ. ಸೋರಿಯಾಸಿಸ್ ಮಚ್ಚೆಯಲ್ಲಿ ಅದು ಇನ್ನೂ ಏರಿರುತ್ತದೆ ಅಂತ 2007ರಲ್ಲೇ ಗೊತ್ತಾಯಿತು. ಅದು ಏರಿದ ಕಡೆ ಎಸ್‌ಒಸಿಎಸ್-3 ಎಂಬ ಪ್ರೋಟೀನ್ ಇಳಿದಿತ್ತು. ಉರಿಯೂತದ ಸಂದೇಶಗಳಿಗೆ ಬ್ರೇಕ್ ಹಾಕುವುದು ಈ ಪ್ರೋಟೀನೇ. ಬ್ರೇಕ್ ಸಡಿಲವಾದರೆ ಸಂದೇಶ ನಿಲ್ಲುವುದಿಲ್ಲ. ಸಾಮಾನ್ಯವಾಗಿ ತಿಂಗಳು ಹಿಡಿಯುವ ಚರ್ಮದ ಹೊಸ ಪದರ ಕೆಲವೇ ದಿನಗಳಲ್ಲಿ ಮೇಲೆ ಬಂದು, ಬಲಿಯದೆ, ಚಕ್ಕೆಯಾಗಿ ಉದುರುತ್ತದೆ. ಮಿರ್-203 ಒಂದೇ ಕಾರಣ ಅಲ್ಲ. ಮಿರ್-21, ಮಿರ್-31 ಕೂಡ ಏರಿರುತ್ತವೆ, ಮಿರ್-125ಬಿ ಇಳಿದಿರುತ್ತದೆ. ರೋಗನಿರೋಧಕ ಕೋಶಗಳ ಪಾಲಂತೂ ದೊಡ್ಡದು.

ಕೇಳುತ್ತಾ ಕೇಳುತ್ತಾ ಎದೆಯ ಭಾರ ಎಷ್ಟೋ ಇಳಿಯಿತು. ಸರಿಯಾಗಿ ಸ್ನಾನ ಮಾಡಲ್ವಾ ಅಂತ ಕೇಳಿಸಿಕೊಂಡವರಿಗೆ ಇದು ಅರ್ಥವಾದೀತು. ಇದು ಕೊಳೆಯಲ್ಲ, ಅಂಟುರೋಗವೂ ಅಲ್ಲ. ಎಷ್ಟು ಉಜ್ಜಿ ತೊಳೆದರೂ ಅಲ್ಲಿಗೆ ಕೈ ಮುಟ್ಟುವುದಿಲ್ಲ. ಉಜ್ಜಿದರೆ ಗಾಯವಾದ ಕಡೆ ಹೊಸ ಮಚ್ಚೆ ಏಳಬಹುದು, ಅಷ್ಟೇ.

"ಹಾಗಾದ್ರೆ ಆ 203ನ್ನ ತಡೆಯೋ ಔಷಧಿ ಬರುತ್ತಾ?" ಅಂದೆ. ಅವಳು ಸುಮ್ನೆ ಆಸೆ ಹುಟ್ಟಿಸಲಿಲ್ಲ. ಒಂದೊಂದು ಮೈಕ್ರೋಆರ್‌ಎನ್‌ಎ ಹತ್ತಾರು ಜೀನ್‌ಗಳನ್ನು ಮುಟ್ಟುತ್ತದೆ, ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡಬಾರದು, ಮೇಲಾಗಿ ಔಷಧಿ ಚರ್ಮದ ಗಟ್ಟಿ ಹೊರಪದರ ದಾಟಿ ಒಳಗೆ ಇಳಿಯಬೇಕು ಅಂದಳು. ಮುಂದೆ ರಕ್ತದಲ್ಲಿ ಇವುಗಳ ಮಟ್ಟ ನೋಡಿ ಯಾವ ಚಿಕಿತ್ಸೆ ಯಾರಿಗೆ ಒಗ್ಗುತ್ತದೆ ಅಂತ ಹೇಳಲು ಆಗಬಹುದೇ ಅನ್ನುವ ಪ್ರಯತ್ನವೂ ನಡೆದಿದೆಯಂತೆ. ಹಾಗಾದರೆ ರಕ್ತವನ್ನೂ ತಗೊಳ್ಳಿ ಅಂತ ಇನ್ನೊಂದು ತೋಳು ಮುಂದೆ ಮಾಡಿದೆ. ಅದಕ್ಕೆ ಬೇರೆ ಒಪ್ಪಿಗೆ ಪತ್ರ ಬೇಕು ಅಂದಳು. ಓದಿ ಸಹಿ ಹಾಕಿದೆ.