ಶಿವರಾತ್ರಿ ಮುಗಿದ ಮೇಲೆ ಧಾರವಾಡದ ಗಿಡ ನೋಡಲು

ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಯಾವಾಗ ಹೋಗಬೇಕು ಅಂತ ಕೇಳಿದರೆ ಜಾಸ್ತಿ ಜನ ಶ್ರಾವಣ ಅನ್ನುತ್ತಾರೆ. ಆಗ ಎಲ್ಲಾ ಹಸಿರು, ಜಿಟಿಜಿಟಿ ಮಳೆ, ಫೋಟೊ ಚೆನ್ನಾಗಿ ಬರುತ್ತವೆ. ನಾನು ಹೇಳುವುದು ಶಿವರಾತ್ರಿಯಿಂದ ಯುಗಾದಿವರೆಗಿನ ದಿನಗಳು. ಅರ್ಧ ಗಿಡಗಳು ಬೋಳು, ನೆಲದ ತುಂಬ ಒಣಗಿದ ಎಲೆ. ಆದರೆ ಮುತ್ತುಗ, ಬೂರುಗದ ಹೂ ಕಣ್ಣಿಗೆ ಬೀಳುವುದು ಎಲೆ ಇಲ್ಲದಾಗಲೇ. (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಬೆಂಗಳೂರಿನವರು ಗೊಂದಲ ಮಾಡಿಕೊಳ್ಳಬೇಡಿ.)

ಹೋದ ವರ್ಷ ನಾನು ಒಂದು ತಪ್ಪು ಮಾಡಿದ್ದೆ. ಆರಾಮಾಗಿ ತಿಂಡಿ ತಿಂದು, ಹನ್ನೊಂದು ಗಂಟೆಗೆ ಹೋಗಿದ್ದೆ. ಗಿಡದಲ್ಲಿ ಎಲೆಯೇ ಇಲ್ಲದಿದ್ದರೆ ನೆರಳು ಎಲ್ಲಿಂದ ಬರಬೇಕು? ಅರ್ಧ ತಾಸಿಗೆ ತಲೆ ಸುತ್ತಿ ವಾಪಸ್ ಬಂದೆ. ಈ ಸಲ ಅವ್ವನನ್ನೂ ಕರೆದುಕೊಂಡು ಬೆಳಿಗ್ಗೆ ಬೇಗನೇ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದೆ. ಸುಮಾರು 20 ಕಿಲೋಮೀಟರ್ ದಾರಿ, ಎಸಿ ಬಸ್, ಮೊಳಕಾಲು ನೋವಿನವರಿಗೂ ತೊಂದರೆ ಇಲ್ಲ. ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ವಿಶ್ವವಿದ್ಯಾಲಯ ಇರುವುದು ಛೋಟಾ ಮಹಾಬಳೇಶ್ವರ ಅನ್ನುವ ಗುಡ್ಡದ ಮೇಲೆ. ವಯಸ್ಸಾದವರಿದ್ದರೆ ಆಟೋದವರಿಗೆ ಮೇಲಿನವರೆಗೂ ಬಿಡಲು ಮೊದಲೇ ಹೇಳಿ. ಒಳಗೆ ಹೋಗುವ ಮುಂಚೆ ಗೇಟಿನಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಇದು ಪಾರ್ಕ್ ಅಲ್ಲ, ಪಾಠ ನಡೆಯುವ ಜಾಗ.

ಮೊದಲು ಕಂಡದ್ದು ಮುತ್ತುಗ. 'ಎಲ್ಲಿ ಹೋದರೂ ಮುತ್ತುಗಕ್ಕೆ ಮೂರೇ ಎಲೆ' ಅಂತ ಗಾದೆ ಇದೆಯಲ್ಲ, ಈ ತಿಂಗಳಲ್ಲಿ ಅದನ್ನು ನಂಬಿ ಹುಡುಕಿದರೆ ಸಿಗುವುದಿಲ್ಲ. ಒಂದು ಎಲೆಯೂ ಇರಲಿಲ್ಲ. ದೂರದಿಂದ ಕೊಂಬೆಗೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬಿದ್ದ ಒಂದು ಹೂ ಎತ್ತಿಕೊಳ್ಳಿ. ಎಸಳು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ, ಬುಡದ ಬಟ್ಟಲು ಕಪ್ಪು ಮಖಮಲ್ಲಿನ ಹಾಗೆ. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಇದು ಹಕ್ಕಿಗಳನ್ನು ಕರೆಯುವ ಹೂ, ಅವಕ್ಕೆ ಬಣ್ಣ ಮತ್ತು ಮಕರಂದ ಸಾಕು. ಬೈನಾಕ್ಯುಲರ್ ಇದ್ದರೆ ತನ್ನಿ. ಗೊರವಂಕ, ಸೂರಕ್ಕಿಗಳ ಗದ್ದಲ ನೋಡುವುದೇ ಒಂದು ಮಜಾ.

ಬೂರುಗದ ಕೆಳಗೆ ಮಾತ್ರ ಸ್ವಲ್ಪ ನೋಡಿಕೊಂಡು ನಿಲ್ಲಿ. ಇಡೀ ಹೂವೇ ದಪ್ಪ್ ಅಂತ ಬೀಳುತ್ತದೆ, ಒಂದು ಅವ್ವನ ಹೆಗಲ ಮೇಲೇ ಬಿತ್ತು. ಅರಳಿಯ ಚಿಗುರು ಆಗ ತಾಮ್ರದ ಬಣ್ಣ. ಹೊಂಗೆ, ಬೇವು ಚಿಗುರಿ ಹೂ ಬಿಡುವುದನ್ನು ನೋಡಬೇಕಾದರೆ ಯುಗಾದಿ ಹತ್ತಿರ ಬನ್ನಿ. ಕಕ್ಕೆ, ಗುಲ್‌ಮೊಹರ್ ಬೇಕಾದರೆ ಏಪ್ರಿಲ್ ಕೊನೆ, ಮೇ. ಎಲ್ಲಾ ಒಂದೇ ದಿನ ಸಿಗುವುದಿಲ್ಲ.

ನನಗೆ ಹೂವಿಗಿಂತ ಜಾಸ್ತಿ ಹಿಡಿಸಿದ್ದು ಕೆಲಸ. ಬೇಸಿಗೆಗೆ ಮುಂಚಿನ ತಯಾರಿ ನಡೆದಿತ್ತು. ವಯಸ್ಸಾದ ಮಾಲಿಯೊಬ್ಬರು ದಾರಿಯ ಮೇಲಿನ ಎಲೆ ಗುಡಿಸಿ, ಎಳೆ ಗಿಡಗಳ ಬುಡಕ್ಕೆ ಬುಟ್ಟಿಯಿಂದ ಸುರಿಯುತ್ತಿದ್ದರು.

"ಕಾಕಾ, ಸುಟ್ಟು ಬಿಡೂದಿಲ್ಲೇನ್ರಿ?" ಅಂದೆ.

"ಇದೇನ್ ಕಸ ಅಲ್ಲವ್ವ ತಂಗಿ. ಅದರ ಹೊದಿಕಿ ಅದಕ್ಕ. ಸುಟ್ಟರ ಮುಂದ ಬಿಸಲಾಗ ಏನ್ ಹೊದಸ್ತಿ?" ಅಂದರು.

ಕೂತು ತೋರಿಸಿದರು. ಪಾತಿ ಕಾಂಡಕ್ಕೆ ಅಂಟಿ ಇರಬಾರದು, ಗಿಡದ ನೆರಳು ಮುಗಿಯುವ ಕಡೆ ಇರಬೇಕು, ನೀರು ಕುಡಿಯುವ ಎಳೆ ಬೇರು ಜಾಸ್ತಿ ಇರುವುದು ಅಲ್ಲಿ. ಎಲೆ ಹೊದಿಕೆಯೂ ಕಾಂಡದಿಂದ ಒಂದು ಗೇಣು ದೂರ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ. ದಿನಾ ಚೊಂಬು ನೀರು ಚಿಮುಕಿಸುವ ಬದಲು ಎಂಟು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಬಿಡಬೇಕು. ಒಣ ಕೊಂಬೆ ಕತ್ತರಿಸಿದ ಕಡೆ ನೀಲಿ ಬಣ್ಣ ಬಳಿದಿತ್ತು. ಅದು ಬೋರ್ಡೊ ಮುಲಾಮು, ಕತ್ತರಿಸಿದ ಗಾಯಕ್ಕೆ ಶಿಲೀಂಧ್ರ ಹತ್ತದ ಹಾಗೆ ಬಳಿಯುವುದು. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಕಬ್ಬಿಣದ ಬಕೆಟ್‌ನಲ್ಲಿ ಕಲಸಬೇಡಿ, ಪ್ಲಾಸ್ಟಿಕ್‌ನದು ತಗೊಳ್ಳಿ. ಮನೆ ಹಿತ್ತಲಲ್ಲಿ ಮಾವು, ನಿಂಬೆ ಇದ್ದವರಿಗೂ ಇದು ಉಪಯೋಗ.

ನಮ್ಮ ಮನೆ ಹುಬ್ಬಳ್ಳಿಯ ಎರೆ ಮಣ್ಣಿನಲ್ಲಿದೆ. ಮಾರ್ಚ್ ಬಂದರೆ ಕೈ ಹೋಗುವಷ್ಟು ಬಿರುಕು. ಅದಕ್ಕೇನು ಮಾಡಲಿ ಅಂತ ಕೇಳಿದೆ. ಮೇಲಿನ ಮಣ್ಣು ಕೆದರಿ ಬಿರುಕು ಮುಚ್ಚು, ತೆರೆದು ಬಿಟ್ಟರೆ ಇದ್ದ ತೇವವೆಲ್ಲ ಅಲ್ಲಿಂದಲೇ ಹೋಗುತ್ತದೆ, ಎಳೆ ಬೇರೂ ಹರಿಯುತ್ತವೆ ಅಂದರು. ನಾನು ಇಷ್ಟು ವರ್ಷ ಬಿರುಕಿಗೇ ಪೈಪ್ ಇಟ್ಟು ನೀರು ಬಿಡುತ್ತಿದ್ದೆ!

ತರಬೇಕಾದ್ದು ನೀರು, ಟೋಪಿ, ಅಡಿ ಗಟ್ಟಿ ಇರುವ ಬೂಟು. ಒಣ ಎಲೆ ಕೆಳಗೆ ಮುಳ್ಳಿರುತ್ತದೆ, ಹಾವೂ ಇರಬಹುದು. ದಾರಿ ಬಿಟ್ಟು ನಡೆಯಬೇಡಿ. ಬೀಡಿ, ಸಿಗರೇಟು ಬೇಡವೇ ಬೇಡ, ಒಂದು ಕಿಡಿಗೆ ಗುಡ್ಡವೇ ಹತ್ತಿಕೊಳ್ಳುತ್ತದೆ. ಹತ್ತರ ಒಳಗೆ ಮುಗಿಸಿ ಊರೊಳಗೆ ಇಳಿದು ಗಿರಮಿಟ್, ಮಿರ್ಚಿ ತಿನ್ನಿ. ಲೈನ್ ಬಜಾರಿನಲ್ಲಿ ಪೇಢಾ ತಗೊಳ್ಳುವುದಾದರೆ ಇನ್ನೊಂದು ತಾಸು ಕೈಯಲ್ಲಿರಲಿ.

ಹೊರಡುವಾಗ ಅವ್ವ ಸೆರಗು ಚಾಚಿ ಮುತ್ತುಗದ ಹೂ ಆರಿಸುತ್ತಿದ್ದಳು. ನಾನು ಗಾಬರಿಯಾಗಿ ಕಾಕಾ ಕಡೆ ನೋಡಿದೆ. "ಬಿದ್ದದ್ದು ತಗೋರಿ, ಹರೀಬ್ಯಾಡ್ರಿ" ಅಂದರು. ಹೋಳಿ ಹಬ್ಬಕ್ಕೆ ಬಣ್ಣ ಮಾಡೋಣ ಅಂತ ಮನೆಗೆ ಬಂದು ತಣ್ಣೀರಿನಲ್ಲಿ ನೆನೆಹಾಕಿದೆ. ತಾಸು ಕಳೆದರೂ ನೀರು ಚಹಾ ತೊಳೆದ ಹಾಗಿತ್ತು. ಅವ್ವ ಬಂದು ನೋಡಿ, "ಕುದಸ್ಬೇಕವಾ, ಹಿಂಗ ಇಟ್ರ ಯಾವಾಗ ಬರೂದು" ಅಂತ ಪಾತ್ರೆಯನ್ನು ಒಲೆ ಮೇಲಿಟ್ಟಳು. ಬಣ್ಣ ಬಂತು. ಒಲೆ ಕಟ್ಟೆಯ ಮೇಲೂ ಬಂತು, ಇನ್ನೂ ಹೋಗಿಲ್ಲ.